ತಜ್ಞರ ಉತ್ತರ: ವಿಜ್ಞಾನಿಗಳಿಗೆ ಹತ್ತಿದ ರುಚಿ ಎಂಥದು?

ಪ್ರಶ್ನೆ: ಮೇಡಂ, ನಾನು ಕುಮಟಾದಲ್ಲಿ ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿದ್ದೇನೆ. ಮನೆ ಅಘನಾಶಿನಿ ಹೊಳೆಯ ದಂಡೆಯ ಹಳ್ಳಿಯಲ್ಲಿ. ಅಮ್ಮ ಬಳಚು (ತಿನ್ನುವ ಚಿಪ್ಪಿಜೀವಿ) ತೆಗೆಯಲು ಹೋಗುತ್ತಾರೆ, ಮಾವ ಮಳೆಗಾಲದಲ್ಲಿ ಶಿರಸಿ ಕಡೆಯ ಅಡಿಕೆ ತೋಟಗಳಿಗೆ ಔಷಧಿ ಹೊಡೆಯಲು ಹೋಗುತ್ತಾರೆ. ಅಂಕಗಳಿಗೆ ತೊಂದರೆಯಿಲ್ಲ. ಆದರೆ ನಿಜ ಹೇಳಬೇಕೆಂದರೆ ಓದುವಾಗ ಯಾವ ಖುಷಿಯೂ ಆಗುವುದಿಲ್ಲ. ಸೂತ್ರ, ವ್ಯಾಖ್ಯೆ, ಹಳೆಯ ಪ್ರಶ್ನೆಪತ್ರಿಕೆ, ಇಷ್ಟೇ. ಇದನ್ನೇ ಜೀವಮಾನವಿಡೀ ಮಾಡುವ ವಿಜ್ಞಾನಿಗಳಿಗೆ ಬೇಸರ ಬರುವುದಿಲ್ಲವೇ? ಅವರಿಗೆ ಇದರಲ್ಲಿ ಅಂಥ ಸ್ವಾರಸ್ಯ ಏನು ಕಾಣುತ್ತದೆ? ನಮ್ಮಂಥ ಮನೆಯವರಿಗೂ ಈ ರುಚಿ ಹತ್ತೀತೇ?

ಉತ್ತರ: ತಂಗೀ, ನಿನ್ನ ಕೊನೆಯ ಸಾಲಿಗೆ ಮೊದಲು ಉತ್ತರ ಕೊಡುತ್ತೇನೆ. ಹತ್ತುತ್ತದೆ. ನಿನ್ನಂಥ ಮನೆಯವರಿಗೆ ಬೇಗ ಹತ್ತುತ್ತದೆ ಎಂದೇ ನನ್ನ ನಂಬಿಕೆ. ಕಾರವಾರದಲ್ಲಿ ಕಡಲಜೀವಶಾಸ್ತ್ರ ಕಲಿಸುತ್ತಿದ್ದಾಗ ನೋಡಿದ್ದೇನೆ, ಮೀನುಗಾರರ ಮನೆಯ ಮಕ್ಕಳು ಪ್ರಯೋಗಶಾಲೆಗೆ ಕಾಲಿಡುವ ಮೊದಲೇ ಅರ್ಧ ಪಾಠ ಕಲಿತಿರುತ್ತಿದ್ದರು. ಯಾವ ಗಾಳಿಗೆ ಯಾವ ಮೀನು, ಯಾವ ತಿಥಿಗೆ ಎಷ್ಟು ನೀರು ಎಂಬುದೆಲ್ಲ ಅವರಿಗೆ ಗೊತ್ತು. ಅದೂ ವಿಜ್ಞಾನಕ್ಕೆ ಸೇರಿದ್ದು ಎಂದು ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ.

ಓದುವಾಗ ಖುಷಿಯಾಗದಿದ್ದರೆ ತಪ್ಪು ನಿನ್ನದಲ್ಲ. ಪಠ್ಯಪುಸ್ತಕದಲ್ಲಿ ಉತ್ತರಗಳಿರುತ್ತವೆ. ಆ ಪ್ರಶ್ನೆ ಯಾರಿಗೆ ಬಂತು, ಯಾಕೆ ಬಂತು, ಎಷ್ಟು ಕಾಲ ಅವರ ನಿದ್ದೆ ಕೆಡಿಸಿತು ಎಂಬುದಕ್ಕೆ ಅಲ್ಲಿ ಜಾಗವಿಲ್ಲ. ತಲೆಮಾರುಗಳ ಜಗಳ ನಾಲ್ಕು ಸಾಲಿನ ವ್ಯಾಖ್ಯೆಯಾಗಿ, ಎರಡು ಅಂಕದ ಪ್ರಶ್ನೆಯಾಗಿ ನಿನ್ನ ಕೈಗೆ ಬರುತ್ತದೆ. ನೀನು ಕೇಳದೇ ಇದ್ದ ಪ್ರಶ್ನೆಗೆ ಯಾರೋ ಉತ್ತರ ಹೇಳುತ್ತಿದ್ದರೆ ಕಿವಿ ತಾನಾಗಿ ಮುಚ್ಚಿಕೊಳ್ಳುತ್ತದೆ. ವಿಜ್ಞಾನಿಯ ಬದುಕು ಇದರ ತಿರುವುಮುರುವು. ಅವರ ಕೈಯಲ್ಲಿ ಪ್ರಶ್ನೆ ಇದೆ, ಉತ್ತರ ಜಗತ್ತಿನಲ್ಲಿ ಯಾರ ಬಳಿಯೂ ಇಲ್ಲ. ಸರಿಯಾದ ಬಗೆಯಲ್ಲಿ ಕೇಳಿದರೆ ಮಾತ್ರ ಹೊಳೆಯೋ ಕಡಲೋ ಹುಳುವೋ ಅದಕ್ಕೆ ಉತ್ತರ ಕೊಡುತ್ತದೆ. ಒಮ್ಮೆ ಹಾಗೆ ಉತ್ತರ ಸಿಕ್ಕವರು ಮತ್ತೆ ಮತ್ತೆ ಕೇಳುತ್ತಲೇ ಹೋಗುತ್ತಾರೆ. ನನಗೆ ತಿಳಿದಂತೆ ಸ್ವಾರಸ್ಯವಿರುವುದು ಅಲ್ಲಿಯೇ. ಬಾಯಿಮಾತಿನಲ್ಲಿ ಹೇಳಿದರೆ ಇದು ಪೊಳ್ಳಾಗಿ ಕೇಳುತ್ತದೆ, ಆದ್ದರಿಂದ ನಿನ್ನ ಮನೆಬಾಗಿಲಿನಿಂದಲೇ ತೋರಿಸುತ್ತೇನೆ.

ಅಮ್ಮ ಬಳಚಿಗೆ ಹೊರಡುವ ಹೊತ್ತು ದಿನವೂ ಒಂದೇ ಅಲ್ಲ ಎಂಬುದನ್ನು ನೀನು ಚಿಕ್ಕಂದಿನಿಂದ ನೋಡಿದ್ದೀಯ. ಇವತ್ತು ಬೆಳಗಿನ ಆರಕ್ಕೆ ನೀರು ಪೂರ್ತಿ ಇಳಿದಿದ್ದರೆ ನಾಳೆ ಏಳರ ಹತ್ತಿರಕ್ಕೆ, ನಾಡಿದ್ದು ಇನ್ನೂ ತಡ. ಸರಾಸರಿ ನೋಡಿದರೆ ದಿನಕ್ಕೆ ಸುಮಾರು 50 ನಿಮಿಷ ಹಿಂದೆ ಬೀಳುತ್ತದೆ. ಊರಿನಲ್ಲಿ ಇದು ಎಲ್ಲರಿಗೂ ಗೊತ್ತು, ಯಾರೂ ಆಶ್ಚರ್ಯಪಡುವುದಿಲ್ಲ. ಆದರೆ 50 ನಿಮಿಷವೇ ಯಾಕೆ? ಭೂಮಿ ತನ್ನ ಸುತ್ತ ಒಂದು ಸಲ ತಿರುಗಿ ಬರುವಷ್ಟರಲ್ಲಿ ಚಂದ್ರನೂ ಅದೇ ದಿಕ್ಕಿನಲ್ಲಿ ಸ್ವಲ್ಪ ಮುಂದೆ ಹೋಗಿರುತ್ತಾನೆ. ನಿಮ್ಮ ಹಳ್ಳಿ ಮತ್ತೆ ಚಂದ್ರನ ನೇರಕ್ಕೆ ಬರಬೇಕಾದರೆ ಭೂಮಿ ಇನ್ನಷ್ಟು ತಿರುಗಬೇಕು. ಆ ಇನ್ನಷ್ಟಕ್ಕೆ ಬೇಕಾಗುವ ಹೊತ್ತೇ 50 ನಿಮಿಷ. ಅಮ್ಮ ಬುಟ್ಟಿ ಹಿಡಿದು ಮನೆ ಬಿಡುವ ಸಮಯವನ್ನು ಚಂದ್ರನ ನಡಿಗೆ ನಿಗದಿ ಮಾಡಿದೆ.

ಇಲ್ಲಿಗೆ ನಿಲ್ಲಿಸಿದರೆ ಇದೂ ಪಠ್ಯಪುಸ್ತಕವೇ ಆಯಿತು. ಒಂದು ಹೆಜ್ಜೆ ಮುಂದೆ ಹೋಗು. ಚಂದ್ರ ನೀರನ್ನು ಎಳೆಯುವುದರಿಂದ ಉಬ್ಬರ ಬರುತ್ತದೆ ಎಂದಾದರೆ, ಚಂದ್ರ ತಲೆಯ ಮೇಲಿದ್ದಾಗ ದಿನಕ್ಕೊಂದು ಉಬ್ಬರ ಬರಬೇಕಿತ್ತು. ನಮ್ಮಲ್ಲಿ ಎರಡು ಬರುತ್ತವೆ. ಎರಡನೆಯದು ಎಲ್ಲಿಂದ ಬಂತು? ಚಂದ್ರ ಭೂಮಿಯ ಆಚೆ ಬದಿಯಲ್ಲಿರುವಾಗ ಈಚೆ ಬದಿಯ ನೀರು ಯಾಕೆ ಏರಬೇಕು?

ಈ ಪ್ರಶ್ನೆಯಲ್ಲಿ ಎಡವಿದವರು ಸಾಮಾನ್ಯರಲ್ಲ. ಗೆಲಿಲಿಯೋ 1632ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಉಬ್ಬರಕ್ಕೂ ಚಂದ್ರನಿಗೂ ಸಂಬಂಧವಿಲ್ಲ ಎಂದು ವಾದಿಸಿದರು. ಭೂಮಿ ತನ್ನ ಸುತ್ತ ತಿರುಗುತ್ತದೆ, ಸೂರ್ಯನ ಸುತ್ತಲೂ ಸಾಗುತ್ತದೆ. ಈ ಎರಡು ಚಲನೆ ಸೇರಿ ಕಡಲಿನ ನೀರು ಅಲುಗಾಡುತ್ತದೆ ಎಂಬುದು ಅವರ ವಿವರಣೆ. ಚಂದ್ರನೇ ಕಾರಣ ಎಂದ ಖಗೋಳಜ್ಞ ಕೆಪ್ಲರ್ ಅವರನ್ನು ಅದೇ ಗ್ರಂಥದಲ್ಲಿ ಆಕ್ಷೇಪಿಸಿದರು ಕೂಡ. ಗೆಲಿಲಿಯೋ ಬುದ್ಧಿಗೆ ಸರಿಸಾಟಿಯಾದವರು ಆ ಕಾಲದಲ್ಲಿ ಹೆಚ್ಚಿರಲಿಲ್ಲ, ವಾದವೂ ಸೊಗಸಾಗಿತ್ತು. ಆದರೆ ಆ ವಾದದ ಪ್ರಕಾರ ದಿನಕ್ಕೆ ಒಂದೇ ಉಬ್ಬರ ಬರಬೇಕು. ವೆನಿಸ್‌ನ ಯಾವ ದೋಣಿಯವನನ್ನು ಕೇಳಿದರೂ ಎರಡು ಎನ್ನುತ್ತಿದ್ದ. ಕಡಲು ಗೆಲಿಲಿಯೋ ಮಾತನ್ನು ಒಪ್ಪಲಿಲ್ಲ.

ಇದನ್ನು ನಾನು ತರಗತಿಯಲ್ಲಿ ಹೇಳುವಾಗಲೆಲ್ಲ ಮೈ ಜುಮ್ಮೆನ್ನುತ್ತಿತ್ತು. ಹೇಳಿದವರು ಎಷ್ಟೇ ದೊಡ್ಡವರಾಗಿರಲಿ, ಅವರ ಮಾತು ನಿಲ್ಲುತ್ತದೋ ಬೀಳುತ್ತದೋ ಎಂದು ತೀರ್ಮಾನಿಸುವ ಹಕ್ಕು ನೀರಿಗಿದೆ. ನಮ್ಮ ಬದುಕಿನ ಉಳಿದ ವ್ಯವಹಾರಗಳಲ್ಲಿ ಇಂಥ ನ್ಯಾಯ ಸಿಗುವುದು ಅಪರೂಪ. ಸಭೆಯಲ್ಲಿ ಗಂಟಲು ದೊಡ್ಡವನದು ಗೆಲ್ಲುತ್ತದೆ, ಮನೆಯಲ್ಲಿ ಹಿರಿಯರದು. ಪ್ರಯೋಗದಲ್ಲಿ ನಿನ್ನೆ ಸೇರಿದ ವಿದ್ಯಾರ್ಥಿನಿಯ ಅಳತೆ ಸರಿಯಿದ್ದರೆ ಪ್ರಾಧ್ಯಾಪಕರು ತಮ್ಮ ಮಾತು ಹಿಂದಕ್ಕೆ ತೆಗೆದುಕೊಳ್ಳಲೇಬೇಕು. ಎಲ್ಲ ಪ್ರಾಧ್ಯಾಪಕರೂ ನಗುನಗುತ್ತ ತೆಗೆದುಕೊಳ್ಳುತ್ತಾರೆ ಎಂದು ನಾನು ಹೇಳುವುದಿಲ್ಲ. ಆದರೆ ಅಳತೆ ಮತ್ತೆ ಮತ್ತೆ ಅದನ್ನೇ ಹೇಳುತ್ತಿದ್ದರೆ ಕೊನೆಗೆ ಯಾರೂ ಅದರೆದುರು ನಿಲ್ಲಲಾರರು. ಅನೇಕ ವಿಜ್ಞಾನಿಗಳನ್ನು ಈ ಕೆಲಸಕ್ಕೆ ಕಟ್ಟಿಹಾಕಿದ್ದು ಈ ನ್ಯಾಯವೇ.

ಎರಡು ಉಬ್ಬರದ ಒಗಟು ಬಿಡಿಸಿದವರು ನ್ಯೂಟನ್, 1687ರಲ್ಲಿ. ಚಂದ್ರನ ಸೆಳೆತ ಹತ್ತಿರದ ಬದಿಯಲ್ಲಿ ಹೆಚ್ಚು, ಭೂಮಿಯ ನಡುವಿನಲ್ಲಿ ಅದಕ್ಕಿಂತ ಕಡಿಮೆ, ಆಚೆಯ ಬದಿಯಲ್ಲಿ ಇನ್ನೂ ಕಡಿಮೆ. ಹತ್ತಿರದ ಬದಿಯಲ್ಲಿ ನೀರು ಭೂಮಿಗಿಂತ ಹೆಚ್ಚು ಎಳೆಯಲ್ಪಡುತ್ತದೆ. ಆಚೆಯ ಬದಿಯಲ್ಲಿ ಭೂಮಿ ನೀರಿಗಿಂತ ಹೆಚ್ಚು ಎಳೆಯಲ್ಪಟ್ಟು ನೀರು ಹಿಂದುಳಿಯುತ್ತದೆ. ಹೀಗಾಗಿ ಎರಡೂ ಬದಿ ಉಬ್ಬು. ಉಬ್ಬರ ಹುಟ್ಟುವುದು ಸೆಳೆತದಿಂದ ಎನ್ನುವುದಕ್ಕಿಂತ ಸೆಳೆತದಲ್ಲಿರುವ ವ್ಯತ್ಯಾಸದಿಂದ ಎಂದರೆ ಸರಿ. ಇದನ್ನು ಒಮ್ಮೆ ಕಾಗದದ ಮೇಲೆ ಚಿತ್ರ ಬರೆದು ನೋಡು. ಥಟ್ಟನೆ ಅರ್ಥವಾಗುವ ಆ ಗಳಿಗೆಯ ರುಚಿಯನ್ನು ನಾನು ಬರೆದು ತಿಳಿಸಲಾರೆ.

ಅರ್ಥವಾಯಿತು ಎಂದುಕೊಂಡ ಕೂಡಲೇ ಮುಂದಿನ ಪ್ರಶ್ನೆ ಎದ್ದು ನಿಲ್ಲುತ್ತದೆ. ಆಕಾಶದಲ್ಲಿರುವ ಚಂದ್ರ ಒಬ್ಬನೇ. ಹಾಗಿರುವಾಗ ದೊಡ್ಡ ಉಬ್ಬರದ ದಿನ ಕೊಚ್ಚಿಯಲ್ಲಿ ನೀರು ಒಂದು ಮೀಟರಿನ ಆಸುಪಾಸು ಏರಿಳಿದರೆ, ನಮ್ಮ ಕಾರವಾರದಲ್ಲಿ ಎರಡು ಮೀಟರಿನ ಹತ್ತಿರ, ಮುಂಬೈಯಲ್ಲಿ ಸುಮಾರು ಐದು ಮೀಟರ್, ಗುಜರಾತಿನ ಭಾವನಗರದ ಕಡೆ ಹತ್ತು ಮೀಟರ್ ಯಾಕೆ? ನ್ಯೂಟನ್ ಅವರ ಚಿತ್ರದಲ್ಲಿ ಭೂಮಿಯ ಸುತ್ತ ಎಲ್ಲೆಡೆ ನೀರೇ ಇತ್ತು, ಖಂಡಗಳಿರಲಿಲ್ಲ. ನಿಜವಾದ ಕಡಲಿನಲ್ಲಿ ಉಬ್ಬರ ಒಂದು ಉದ್ದನೆಯ ಅಲೆಯಾಗಿ ಸಾಗುತ್ತದೆ, ದಂಡೆಗೆ ತಾಗುತ್ತದೆ, ತಿರುಗುತ್ತದೆ, ಕೊಲ್ಲಿಯೊಳಗೆ ಸಿಕ್ಕಿಕೊಳ್ಳುತ್ತದೆ. ಇದಕ್ಕೆ ಗಣಿತ ಕಟ್ಟಿಕೊಟ್ಟವರು ಹದಿನೆಂಟನೆಯ ಶತಮಾನದ ಲಾಪ್ಲಾಸ್. ನಮ್ಮ ಪಶ್ಚಿಮ ಕರಾವಳಿಯಲ್ಲಿ ಉತ್ತರಕ್ಕೆ ಹೋದಂತೆ ದಂಡೆಯಾಚೆಯ ಆಳವಿಲ್ಲದ ಕಡಲತಳ ಅಗಲವಾಗುತ್ತ ಹೋಗುತ್ತದೆ. ಖಂಭಾತ್ ಕೊಲ್ಲಿ ಒಳಗೆ ಹೋದಂತೆ ಕಿರಿದಾಗುತ್ತದೆ. ಅಷ್ಟೂ ನೀರು ಇಕ್ಕಟ್ಟಿಗೆ ಸಿಕ್ಕಿ ಮೇಲಕ್ಕೇರದೆ ಬೇರೆ ದಾರಿಯಿಲ್ಲ.

ಇಷ್ಟೆಲ್ಲ ಗೋಜಲಿನ ನಡುವೆಯೂ ಮುಂದಿನ ವರ್ಷದ ಇದೇ ದಿನ ಕಾರವಾರದಲ್ಲಿ ಉಬ್ಬರ ಎಷ್ಟು ಹೊತ್ತಿಗೆ, ಎಷ್ಟು ಎತ್ತರಕ್ಕೆ ಎಂದು ಈಗಲೇ ಹೇಳಬಹುದು. ಸೂರ್ಯ, ಚಂದ್ರರ ಬೇರೆ ಬೇರೆ ಲಯಗಳನ್ನು ಒಂದೊಂದಾಗಿ ಬಿಡಿಸಿ, ಪ್ರತಿಯೊಂದಕ್ಕೂ ಒಂದು ಸೈನ್ ರೇಖೆ ಬರೆದು, ಎಲ್ಲವನ್ನೂ ಕೂಡಿಸುತ್ತಾರೆ. ಹೌದು, ನೀನು ಬಾಯಿಪಾಠ ಮಾಡುತ್ತಿರುವ ಅದೇ ಸೈನ್. ಕಂಪ್ಯೂಟರ್ ಇಲ್ಲದ ಕಾಲದಲ್ಲಿ, 1870ರ ದಶಕದಲ್ಲಿ, ಕೆಲ್ವಿನ್ ಇದನ್ನು ಕೂಡಿಸಲು ಗಾಲಿ ಮತ್ತು ತಂತಿಗಳ ಯಂತ್ರವನ್ನೇ ಮಾಡಿಸಿದ್ದರು. ತ್ರಿಕೋನಮಿತಿ ಯಾವುದಕ್ಕೆ ಎಂದು ಕೇಳುವ ಮಕ್ಕಳನ್ನು ಒಮ್ಮೆ ನಿಮ್ಮ ಹೊಳೆ ಕಡಲು ಸೇರುವಲ್ಲಿರುವ ತದಡಿ ಬಂದರಿಗೆ ಕರೆದುಕೊಂಡು ಹೋಗಬೇಕು ಎಂಬುದು ನನ್ನ ಹಳೆಯ ಆಸೆ.

ಈಗ ನಾನು ಎಲ್ಲಕ್ಕಿಂತ ಹೆಚ್ಚು ಪ್ರೀತಿಸುವ ಭಾಗಕ್ಕೆ ಬರುತ್ತೇನೆ. ದಿನಕ್ಕೆರಡು ಸಲ ಇಷ್ಟು ನೀರು ಕಡಲತಳವನ್ನು ಉಜ್ಜಿಕೊಂಡು ಓಡಾಡಿದರೆ ಆ ತಿಕ್ಕಾಟದ ವೆಚ್ಚವನ್ನು ಯಾರೋ ಭರಿಸಬೇಕು. ಭರಿಸುವುದು ಭೂಮಿಯ ತಿರುಗಾಟ. ಭೂಮಿ ನಿಧಾನವಾಗುತ್ತಿದೆ, ದಿನದ ಉದ್ದ ನೂರು ವರ್ಷಕ್ಕೆ ಸುಮಾರು ಎರಡು ಮಿಲಿಸೆಕೆಂಡಿನಷ್ಟು ಹೆಚ್ಚುತ್ತಿದೆ. ಭೂಮಿ ಕಳೆದುಕೊಂಡ ತಿರುಗುಬಲ ಚಂದ್ರನಿಗೆ ಸೇರಿ ಅವನು ದೂರ ಸರಿಯುತ್ತಿದ್ದಾನೆ. 1969ರಲ್ಲಿ ಅಪೊಲೊ 11ರ ಗಗನಯಾತ್ರಿಗಳು ಚಂದ್ರನ ಮೇಲೆ ಪ್ರತಿಫಲಕಗಳನ್ನು ಇಟ್ಟು ಬಂದರು. ಭೂಮಿಯಿಂದ ಅದರತ್ತ ಲೇಸರ್ ಬೆಳಕು ಬಿಟ್ಟರೆ ಸುಮಾರು ಎರಡೂವರೆ ಸೆಕೆಂಡಿನಲ್ಲಿ ಮರಳಿ ಬರುತ್ತದೆ. ಹಾಗೆ ಅಳೆದು ತಿಳಿದದ್ದು: ಚಂದ್ರ ವರ್ಷಕ್ಕೆ 3.8 ಸೆಂಟಿಮೀಟರ್ ದೂರವಾಗುತ್ತಿದ್ದಾನೆ.

ಹಾಗಾದರೆ ಬಹಳ ಹಿಂದೆ ದಿನ ಚಿಕ್ಕದಾಗಿರಬೇಕಿತ್ತು, ವರ್ಷಕ್ಕೆ ದಿನಗಳು ಹೆಚ್ಚಾಗಿರಬೇಕಿತ್ತು. ಇದನ್ನು ಪರೀಕ್ಷಿಸುವುದು ಹೇಗೆ? ಆಗ ಲೆಕ್ಕ ಬರೆದಿಡಲು ಯಾರಿದ್ದರು? 1963ರಲ್ಲಿ ಜಾನ್ ವೆಲ್ಸ್ ಎಂಬ ಅಮೆರಿಕದ ಪಳೆಯುಳಿಕೆ ತಜ್ಞರು ಹವಳಗಳನ್ನು ಕೇಳಿದರು. ಹವಳದ ಮೈಮೇಲೆ ದಿನಕ್ಕೊಂದರಂತೆ ಸಣ್ಣ ಗೆರೆ, ವರ್ಷಕ್ಕೊಂದರಂತೆ ದೊಡ್ಡ ಪಟ್ಟಿ ಬೀಳುತ್ತದೆ. ಸುಮಾರು 38 ಕೋಟಿ ವರ್ಷ ಹಳೆಯ ಹವಳಗಳಲ್ಲಿ ಒಂದು ವರ್ಷದ ಪಟ್ಟಿಯೊಳಗೆ ಅವರು ಎಣಿಸಿದ ಗೆರೆಗಳು ಸುಮಾರು 400. ಆಗಿನ ದಿನ ಸುಮಾರು 22 ತಾಸಿನದು. ಚಂದ್ರನ ಲೆಕ್ಕ ಹಾಕುವವರು ಬೇರೆ, ಕಲ್ಲಾದ ಹವಳ ನೋಡುವವರು ಬೇರೆ, ಇಬ್ಬರೂ ಹೊರಟ ದಾರಿ ಬೇರೆ. ಬಂದು ಸೇರಿದ್ದು ಒಂದೇ ಜಾಗಕ್ಕೆ.

ಬಳಚಿನ ಮನೆಯ ಮಗಳಿಗೆ ಇನ್ನೂ ಹತ್ತಿರದ ಸಾಕ್ಷಿ ಇದೆ. 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಒಮಾನ್ ದೇಶದಲ್ಲಿ ಸಿಕ್ಕ 7 ಕೋಟಿ ವರ್ಷ ಹಿಂದಿನ ಎರಡು ಚಿಪ್ಪಿನ ಜೀವಿಯೊಂದನ್ನು ಕೊಯ್ದು ನೋಡಿದರು. ಅದು ಈಗ ನಶಿಸಿಹೋದ ಬಳಗ, ಆದರೂ ಬಳಚಿನ ದೂರದ ನೆಂಟ. ಅದರ ದಿನದ ಪದರಗಳನ್ನು ಎಣಿಸಿದಾಗ ವರ್ಷಕ್ಕೆ 372 ದಿನಗಳೆಂದು ತಿಳಿಯಿತು. ದಿನದ ಉದ್ದ ಇಪ್ಪತ್ಮೂರೂವರೆ ತಾಸು. ಇವತ್ತು ಸಂಜೆ ಅಮ್ಮ ಬೇಯಿಸಿ ಮಾಂಸ ಬಿಡಿಸಿದ ಮೇಲೆ ಒಂದು ಚಿಪ್ಪನ್ನು ತೊಳೆದು ಬೆಳಕಿಗೆ ಹಿಡಿದು ನೋಡು. ಮುಡಿಯಿಂದ ಅಂಚಿನವರೆಗೆ ಬಿಲ್ಲಿನಾಕಾರದ ಗೆರೆಗಳಿವೆ. ಮಳೆಗಾಲದಲ್ಲಿ ಹೊಳೆಯ ಸಿಹಿನೀರು ನುಗ್ಗಿ ಬೆಳವಣಿಗೆ ಕುಂಠಿತವಾದಾಗ ಸಾಮಾನ್ಯವಾಗಿ ದಟ್ಟ ಗೆರೆ ಬೀಳುತ್ತದೆ. ಬರಿಗಣ್ಣಿಗೆ ಕಾಣದ ಸಣ್ಣ ಗೆರೆಗಳೂ ಇವೆ. ನೀರು ಇಳಿದಾಗ ಚಿಪ್ಪು ಮುಚ್ಚಿಕೊಂಡು ಕೂತ ಹೊತ್ತು, ನೀರು ಏರಿದಾಗ ಬಾಯಿ ತೆರೆದು ಉಂಡು ಬೆಳೆದ ಹೊತ್ತು, ಎರಡೂ ಅದರಲ್ಲಿ ದಾಖಲಾಗಿವೆ. ಚಿಪ್ಪನ್ನು ಕತ್ತರಿಸಿ, ನುಣುಪಾಗಿ ಉಜ್ಜಿ, ಸೂಕ್ಷ್ಮದರ್ಶಕದಡಿ ಇಟ್ಟರೆ ಅದು ಬದುಕಿದ ದಿನಗಳನ್ನು ಓದಬಹುದು. ನಿಮ್ಮ ಅಂಗಳದ ಮೂಲೆಯಲ್ಲಿ ರಾಶಿ ಬಿದ್ದು ಸುಣ್ಣದ ಗೂಡಿಗೆ ಹೋಗುವ ಚಿಪ್ಪು ಇದು. ಇದನ್ನು ತಿಳಿದ ಮೇಲೆ ನನಗಂತೂ ಚಿಪ್ಪಿನ ರಾಶಿಯನ್ನು ಸುಮ್ಮನೆ ದಾಟಿ ಹೋಗಲು ಆಗಿಲ್ಲ.

ಒಂದು ಎಳೆ ಹಿಡಿದು ನಾವು ಎಲ್ಲಿಂದ ಎಲ್ಲಿಗೆ ಬಂದೆವು ನೋಡು. ಅಮ್ಮ ಮನೆ ಬಿಡುವ ಹೊತ್ತಿನಿಂದ ಹೊರಟು ಚಂದ್ರ, ವೆನಿಸ್, ಭಾವನಗರ ಸುತ್ತಿ 38 ಕೋಟಿ ವರ್ಷ ಹಿಂದಿನ ಹವಳಕ್ಕೆ ಹೋಗಿ ಮತ್ತೆ ಬಳಚಿಗೆ ಬಂದೆವು. ಎಲ್ಲಿಯೂ ಎಳೆ ಕಡಿಯಲಿಲ್ಲ. ದೂರದೂರದ ವಿಷಯಗಳು ಒಳಗೊಳಗೇ ಹೀಗೆ ಕೂಡಿಕೊಂಡಿವೆ ಎಂಬುದನ್ನು ಕಣ್ಣಾರೆ ಕಾಣುವುದೇ ಅನೇಕರಿಗೆ ಈ ಕೆಲಸದ ದೊಡ್ಡ ಸಂಬಳ.

ಇನ್ನು ಬೇಸರದ ಮಾತು. ಬರುತ್ತದೆ, ಚೆನ್ನಾಗಿಯೇ ಬರುತ್ತದೆ. ನನ್ನ ಕೆಲಸ ಅಳಿವೆಯ ಕೆಸರಿನೊಳಗೆ ಬದುಕುವ ಸಣ್ಣ ಹುಳುಗಳ ಮೇಲೆ. ದೋಣಿಯಿಂದ ಕೆಸರು ಎತ್ತಬೇಕು, ಅರ್ಧ ಮಿಲಿಮೀಟರ್ ಕಣ್ಣಿನ ಜರಡಿಯಲ್ಲಿ ತೊಳೆಯಬೇಕು, ಉಳಿದದ್ದನ್ನು ಫಾರ್ಮಲಿನ್‌ನಲ್ಲಿ ಇಡಬೇಕು. ಜೀವಿಗಳ ಮೈ ಎದ್ದು ಕಾಣಲೆಂದು ರೋಸ್ ಬೆಂಗಾಲ್ ಎಂಬ ಗುಲಾಬಿ ಬಣ್ಣ ಹಾಕಬೇಕು. ಆಮೇಲೆ ಸೂಕ್ಷ್ಮದರ್ಶಕದ ಮುಂದೆ ಕೂತು ಚಿಮಟದಿಂದ ಒಂದೊಂದೇ ಹುಳು ಹೆಕ್ಕಿ, ಗುರುತಿಸಿ, ಎಣಿಸಬೇಕು. ಕತ್ತು ಸೆಟೆದುಕೊಳ್ಳುತ್ತದೆ, ಫಾರ್ಮಲಿನ್ ಘಾಟಿಗೆ ಕಣ್ಣು ಉರಿಯುತ್ತದೆ. ಹೊರಗಿನಿಂದ ನೋಡಿದವರಿಗೆ ಇದು ಶಿಕ್ಷೆ. ನಾನು ಕೂತಿರುತ್ತಿದ್ದುದು ಒಂದು ಪ್ರಶ್ನೆಯ ಬಲದಿಂದ: ಆಷಾಢದ ನೆರೆಯಲ್ಲಿ ಅಳಿವೆಯ ನೀರು ಹೆಚ್ಚುಕಡಿಮೆ ಸಿಹಿಯಾಗಿ ಬಹಳಷ್ಟು ಉಪ್ಪುನೀರಿನ ಹುಳುಗಳು ಇಲ್ಲವಾಗುತ್ತವೆ, ಮಳೆ ನಿಂತ ಮೇಲೆ ಅದೇ ಕೆಸರಿನಲ್ಲಿ ಎಳೆಯ ಹುಳುಗಳು ಮತ್ತೆ ಹೇಗೆ ನೆಲೆಸುತ್ತವೆ? ಕಡಲಿನಲ್ಲಿ ತೇಲುತ್ತಿರುವ, ಕಣ್ಣಿಗೂ ಕಾಣದ ಮರಿ ತನಗೆ ಹೊಂದುವ ಕೆಸರು ಇದೇ ಎಂದು ಹೇಗೆ ಗುರುತಿಸುತ್ತದೆ? ಪ್ರಶ್ನೆ ಮನಸ್ಸಿನಲ್ಲಿದ್ದಾಗ ಪ್ರತಿಯೊಂದು ಹುಳುವೂ ಸುದ್ದಿ ತಂದಂತೆಯೇ. ಪ್ರಶ್ನೆ ಮಸುಕಾದ ದಿನ ಅದೇ ಕೆಲಸ ಬರಿಯ ಕೂಲಿ. ಎರಡೂ ಬಗೆಯ ದಿನಗಳು ಇರುತ್ತವೆ.

ಡಾರ್ವಿನ್ ಅವರಿಗೂ ಇದು ತಪ್ಪಲಿಲ್ಲ. ಧಕ್ಕೆಯ ಕಂಬಗಳಿಗೂ ದೋಣಿಯ ಅಡಿಗೂ ಅಂಟಿಕೊಂಡು ಕಾಲು ಗೀರುವ ಬಿಳಿ ಚಿಪ್ಪಿನ ಜೀವಿ ನಿನಗೆ ಗೊತ್ತು. ಬಾರ್ನಕಲ್ ಎನ್ನುತ್ತಾರೆ. 1846ರಿಂದ ಎಂಟು ವರ್ಷ ಅವರು ಇದರ ಹಿಂದೆ ಬಿದ್ದಿದ್ದರು. ಬೇಸತ್ತು ಸ್ನೇಹಿತರಿಗೆ ಪತ್ರದಲ್ಲಿ ಗೊಣಗಿದ್ದಾರೆ. ಬಿಡಲಿಲ್ಲ. ಕೆಲವು ಜಾತಿಗಳಲ್ಲಿ ಗಂಡು ಎಷ್ಟು ಸಣ್ಣದೆಂದರೆ, ಹೆಣ್ಣಿನ ಮೈಗೆ ಅಂಟಿದ ಕಸದಂತೆ ಕಾಣುತ್ತದೆ. ಅದು ಗಂಡೇ ಎಂದು ಕಂಡುಕೊಂಡಾಗ ಅವರಿಗಾದ ಉತ್ಸಾಹ ಅದೇ ಪತ್ರಗಳಲ್ಲಿದೆ.

ಬೆರಗು ಬೇರೆ ಬಾಗಿಲಿನಿಂದಲೂ ಬರಬಹುದು. ಚಂದ್ರನಿಲ್ಲದ ರಾತ್ರಿ ನಮ್ಮ ಕಡಲಿನಲ್ಲಿ ಕೆಲವೊಮ್ಮೆ ಅಲೆ ಒಡೆದಲ್ಲಿ ನೀಲಿ ಬೆಳಕು ಚಿಮ್ಮುತ್ತದೆ, ಬಲೆ ಎಳೆದರೆ ಬಲೆಯೇ ಬೆಳಗುತ್ತದೆ. ನಾಕ್ಟಿಲೂಕಾ ಎಂಬ ಏಕಕೋಶ ಜೀವಿಯ ಕೆಲಸ ಅದು. ಇದೇ ಬಗೆಯ ಬೆಳಕಿನ ಹಿಂದೆ ಹೋದ ಜಪಾನಿನ ಒಸಾಮು ಶಿಮೊಮುರಾ 1961ರ ಬೇಸಿಗೆಯಲ್ಲಿ ಅಮೆರಿಕದ ಫ್ರೈಡೇ ಹಾರ್ಬರ್ ಎಂಬಲ್ಲಿ ಹೊಳೆಯುವ ಅಂಬಲಿ ಮೀನುಗಳನ್ನು ಹಿಡಿಯುತ್ತಿದ್ದರು. ಅದರಿಂದ ಬೆಳಕಿನ ವಸ್ತುವನ್ನು ಬೇರ್ಪಡಿಸಬೇಕು, ಆದರೆ ತೆಗೆಯುವಾಗಲೇ ಬೆಳಕು ಉರಿದು ಮುಗಿದುಹೋಗುತ್ತಿತ್ತು. ತಿಳಿದ ಉಪಾಯಗಳೆಲ್ಲ ಸೋತವು. ದೋಣಿಯಲ್ಲಿ ಒಬ್ಬರೇ ತೇಲುತ್ತ ದಿನಗಟ್ಟಲೆ ಯೋಚಿಸಿದರು. ಆಮ್ಲದಲ್ಲಿಟ್ಟರೆ ಬೆಳಕು ತಡೆದು ನಿಲ್ಲಬಹುದು ಎಂದು ಹೊಳೆಯಿತು. ಮಾಡಿ ನೋಡಿದರು, ನಿಂತಿತು. ಆಮ್ಲವನ್ನು ಶಮನಗೊಳಿಸಿದಾಗ ಮಂದ ಬೆಳಕು ಮರಳಿತು. ಆಮೇಲೆ ಉಳಿದ ದ್ರಾವಣವನ್ನು ತೊಟ್ಟಿಗೆ ಚೆಲ್ಲಿದರು. ತೊಟ್ಟಿ ಝಗ್ಗನೆ ನೀಲಿಯಾಗಿ ಬೆಳಗಿತು.

ಬೇರೆಯವರಾಗಿದ್ದರೆ ಚೆಂದ ಎಂದು ನೋಡಿ ಮನೆಗೆ ಹೋಗುತ್ತಿದ್ದರೇನೋ. ಅವರು ನಿಂತರು. ತೊಟ್ಟಿಯಲ್ಲಿ ಏನಿತ್ತು? ಪಕ್ಕದ ಮೀನುತೊಟ್ಟಿಗಳಿಂದ ಹರಿದುಬಂದ ಕಡಲನೀರು. ಕಡಲನೀರಿನಲ್ಲಿ ಏನಿದೆ? ಬೆಳಕನ್ನು ಎಬ್ಬಿಸಿದ್ದು ಅದರಲ್ಲಿರುವ ಕ್ಯಾಲ್ಸಿಯಂ ಎಂದು ತಿಳಿಯಲು ತಡವಾಗಲಿಲ್ಲ. ಆ ಬೇಸಿಗೆಯಲ್ಲಿ ಸುಮಾರು ಹತ್ತು ಸಾವಿರ ಅಂಬಲಿ ಮೀನುಗಳಿಂದ ತೆಗೆದ ವಸ್ತುವಿನ ಜೊತೆಗೆ ಹಸಿರಾಗಿ ಹೊಳೆಯುವ ಇನ್ನೊಂದು ಪ್ರೊಟೀನ್ ಕೂಡ ಸಿಕ್ಕಿತು. ಮುಂದಿನ ಬೇಸಿಗೆಗಳಲ್ಲಿ ಹೆಂಡತಿ ಮಕ್ಕಳೂ ಬಲೆ ಹಿಡಿದು ಜೊತೆಗೆ ನಿಂತರು. ಆ ಹಸಿರು ಪ್ರೊಟೀನನ್ನು ಬೇರೆ ಜೀವಿಯ ಕೋಶದೊಳಗೆ ಸೇರಿಸಿ ಗುರುತಾಗಿ ಬಳಸಬಹುದು ಎಂದು 1994ರಲ್ಲಿ ಮಾರ್ಟಿನ್ ಚಾಲ್ಫಿ ತೋರಿಸಿದರು. ಇಂದು ನರಕೋಶಗಳು ಬೆಳೆಯುವುದನ್ನೂ ಕ್ಯಾನ್ಸರ್ ಕೋಶಗಳು ಹರಡುವುದನ್ನೂ ಅದರ ಬೆಳಕಿನಲ್ಲಿ ನೋಡುತ್ತಾರೆ. 2008ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಶಿಮೊಮುರಾ, ಚಾಲ್ಫಿ ಮತ್ತು ರೋಜರ್ ಟ್ಸಿಯೆನ್ ಅವರಿಗೆ ಸಂದಿತು. ಶಿಮೊಮುರಾ ಹೊರಟಿದ್ದು ಕ್ಯಾನ್ಸರ್ ಗೆಲ್ಲಲು ಆಗಿರಲಿಲ್ಲ. ಅಂಬಲಿ ಮೀನು ಯಾಕೆ ಹೊಳೆಯುತ್ತದೆ ಎಂದು ತಿಳಿಯಲೇಬೇಕಿತ್ತು, ಅಷ್ಟೇ. ಇದರಿಂದ ಏನು ಪ್ರಯೋಜನ ಎಂದು ನಿನ್ನನ್ನು ಕೇಳುವ ನೆಂಟರಿಗೆ ಈ ಕಥೆ ಹೇಳು.

ನಿನ್ನ ಮಾವನ ಕೆಲಸದಲ್ಲಿಯೂ ಇಂಥದೇ ಒಂದು ಕಥೆಯಿದೆ. ಕೊಳೆ ರೋಗಕ್ಕೆ ಅವರು ಅಡಿಕೆ ಕೊನೆಗೆ ಹೊಡೆಯುವ ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣದ ಬೋರ್ಡೋ ದ್ರಾವಣ ಹುಟ್ಟಿದ್ದು ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ. ದಾರಿಹೋಕರು ಹಣ್ಣು ಕದಿಯದಿರಲಿ ಎಂದು ರಸ್ತೆಬದಿಯ ಬಳ್ಳಿಗಳಿಗೆ ಮಾತ್ರ ಅಲ್ಲಿನ ರೈತರು ಅದನ್ನು ಎರಚುತ್ತಿದ್ದರು. 1882ರಲ್ಲಿ ಮಿಲ್ಲಾರ್ಡೆ ಎಂಬ ಸಸ್ಯವಿಜ್ಞಾನಿ ಆ ದಾರಿಯಲ್ಲಿ ಹೋಗುವಾಗ ಬೂಷ್ಟು ರೋಗದಿಂದ ತೋಟದ ಒಳಗಿನ ಎಲೆಗಳೆಲ್ಲ ಉದುರಿ, ರಸ್ತೆಬದಿಯ ಬಳ್ಳಿಗಳು ಮಾತ್ರ ಹಸಿರಾಗಿರುವುದನ್ನು ಕಂಡು ನಿಂತರು. ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದರು. ನಮ್ಮ ಅಡಿಕೆಯ ಕೊಳೆ ರೋಗವನ್ನು ಹಳೆಯ ಮೈಸೂರು ಸಂಸ್ಥಾನದಲ್ಲಿ ಕೃಷಿವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಅಧ್ಯಯನ ಮಾಡಿ ಇದೇ ದ್ರಾವಣವನ್ನು ಹೇಳಿಕೊಟ್ಟರು. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಹದ ಬಂದಿದೆಯೇ ಎಂದು ತಿಳಿಯಲು ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಕತ್ತಿಯನ್ನು ದ್ರಾವಣದಲ್ಲಿ ಅದ್ದುತ್ತಾರೆ. ಕತ್ತಿಯ ಮೇಲೆ ಕೆಂಪು ಲೇಪ ಕೂತರೆ ಸುಣ್ಣ ಸಾಲದು. ಆ ಕೆಂಪು ತಾಮ್ರ. ಕರಗಿ ಉಳಿದ ತಾಮ್ರವನ್ನು ಕಬ್ಬಿಣ ಹೊರದೂಡಿ ಅದರ ಜಾಗದಲ್ಲಿ ತಾನು ಕರಗುತ್ತದೆ. ನಿನ್ನ ರಸಾಯನಶಾಸ್ತ್ರದ ಪುಸ್ತಕ ತೆಗೆದು ವಿದ್ಯುದ್ರಾಸಾಯನಿಕ ಶ್ರೇಣಿಯಲ್ಲಿ ಕಬ್ಬಿಣ ಎಲ್ಲಿದೆ, ತಾಮ್ರ ಎಲ್ಲಿದೆ ನೋಡು. ನೀನು ಬಾಯಿಪಾಠ ಮಾಡಿದ ಆ ಪಟ್ಟಿಯನ್ನು ಮಾವ ಪ್ರತಿ ಮಳೆಗಾಲ ಡ್ರಮ್ಮಿನಲ್ಲಿ ಪರೀಕ್ಷಿಸುತ್ತಿದ್ದಾರೆ.

ಎಲ್ಲ ವಿಜ್ಞಾನಿಗಳಿಗೂ ಒಂದೇ ರುಚಿ ಎಂದು ತಿಳಿಯಬೇಡ. ಕೆಲವರಿಗೆ ಗಣಿತ ಸರಿಹೊಂದಿದಾಗ ಸುಖ, ಕೆಲವರಿಗೆ ಉಪಕರಣ ಕಟ್ಟುವುದರಲ್ಲಿ. ಕಾಡಿನಲ್ಲಿ ಕಪ್ಪೆಯ ಕೂಗು ಕೇಳಿ ಜಾತಿ ಗುರುತಿಸುವುದರಲ್ಲೇ ಆಯುಷ್ಯ ಕಳೆದವರೂ ಇದ್ದಾರೆ. ಹೆಸರು, ಹುದ್ದೆಯ ಆಸೆಗೆ ಬಂ‌ದವರೂ ಇದ್ದಾರೆ. ಅವರಲ್ಲಿ ಕೆಲವರು ಒಳ್ಳೆಯ ಕೆಲಸವನ್ನೇ ಮಾಡಿದ್ದಾರೆ. ನೀಟ್, ಸಿಇಟಿ ಬರೆಯುವುದೂ ತಪ್ಪಲ್ಲ, ಬರೆ. ಆದರೆ ಆ ಪರೀಕ್ಷೆಗಳ ಬೇಸರವನ್ನು ವಿಜ್ಞಾನದ ಬೇಸರವೆಂದು ಲೆಕ್ಕ ಹಾಕಬೇಡ. ಪ್ರಶ್ನೆಯೊಂದಕ್ಕೆ ಒಂದು ನಿಮಿಷದಲ್ಲಿ ನಾಲ್ಕರಲ್ಲಿ ಒಂದನ್ನು ಆರಿಸುವ ಚುರುಕು ಬೇರೆ, ಒಂದೇ ಪ್ರಶ್ನೆಯ ಜೊತೆ ವರ್ಷಗಟ್ಟಲೆ ಬದುಕುವ ತಾಳ್ಮೆ ಬೇರೆ. ಎರಡನೆಯದು ನಿನಗಿದೆಯೇ ಎಂದು ನಿನಗಿನ್ನೂ ಗೊತ್ತಿಲ್ಲ, ಯಾಕೆಂದರೆ ಅದನ್ನು ಪರೀಕ್ಷಿಸುವ ಅವಕಾಶವನ್ನೇ ಯಾರೂ ಕೊಟ್ಟಿಲ್ಲ.

ಅದನ್ನು ನಾನು ಕೊಡುತ್ತೇನೆ. ನಿಮ್ಮ ಹಳ್ಳಿಯ ದಂಡೆಯಲ್ಲಿ ದೋಣಿ ತಾಗದ ಕಡೆ ಒಂದು ಗಟ್ಟಿ ಬಿದಿರನ್ನು ಹುಗಿದು ನಿಲ್ಲಿಸು. ಅದರ ಮೇಲೆ ಐದೈದು ಸೆಂಟಿಮೀಟರಿಗೆ ಬಣ್ಣದ ಗೆರೆ ಎಳೆ. ಒಂದು ಅಮಾವಾಸ್ಯೆಯಿಂದ ಮುಂದಿನ ಅಮಾವಾಸ್ಯೆಯವರೆಗೆ ನೀರು ಏರಿ ನಿಂತ ಹೊತ್ತು ಮತ್ತು ಎತ್ತರವನ್ನು ಬರೆದಿಡು. ಹಗಲಿನ ಉಬ್ಬರ ನೀನು ನೋಡು. ರಾತ್ರಿಯದಕ್ಕೆ ಅಪ್ಪನನ್ನೋ ಅಣ್ಣನನ್ನೋ ಜೊತೆಗೆ ಕರೆದುಕೋ, ಒಬ್ಬಳೇ ಹೋಗಬೇಡ. ದಿನದ ಎರಡು ಉಬ್ಬರಗಳು ಸಮನಾಗಿರುವುದಿಲ್ಲ ಎಂಬುದು ನಿನಗೆ ಬೇಗ ಕಾಣುತ್ತದೆ. ಆ ವ್ಯತ್ಯಾಸ ಕೆಲವು ದಿನ ಹೆಚ್ಚು, ಕೆಲವು ದಿನ ಕಡಿಮೆ. ಚಂದ್ರ ತಿಂಗಳಲ್ಲಿ ಒಮ್ಮೆ ಉತ್ತರಕ್ಕೂ ಒಮ್ಮೆ ದಕ್ಷಿಣಕ್ಕೂ ಸರಿಯುವುದನ್ನು ಇದರ ಪಕ್ಕದಲ್ಲಿ ಇಟ್ಟು ನೋಡು. ತೀರ ದೊಡ್ಡ ಉಬ್ಬರ ಅಮಾವಾಸ್ಯೆಯ ದಿನವೇ ಬರುತ್ತದೋ, ಒಂದೆರಡು ದಿನ ಕಳೆದು ಬರುತ್ತದೋ ಎಂಬುದನ್ನೂ ಗಮನಿಸು. ಊರಿನ ಹಿರಿಯರನ್ನು ಮೊದಲೇ ಕೇಳಿ ಅವರು ಹೇಳಿದ್ದನ್ನು ಇನ್ನೊಂದು ಪುಟದಲ್ಲಿ ಬರೆದುಕೋ. ಆಮೇಲೆ ನಿನ್ನ ಅಳತೆಯೊಡನೆ ಹೋಲಿಸು.

ಸರ್ವೆ ಆಫ್ ಇಂಡಿಯಾ ಪ್ರತಿವರ್ಷ ಬಂದರುಗಳ ಉಬ್ಬರ ಇಳಿತದ ಪಟ್ಟಿ ಪ್ರಕಟಿಸುತ್ತದೆ. ಮೊಬೈಲಿನಲ್ಲಿಯೂ ಮುನ್ಸೂಚನೆ ಸಿಗುತ್ತದೆ. ಆದರೆ ಅವು ಬಂದರಿನ ಲೆಕ್ಕ. ನಿಮ್ಮ ಹಳ್ಳಿ ಅಳಿವೆಯಿಂದ ಒಳಗಿದೆ. ಅಘನಾಶಿನಿಗೆ ಅಣೆಕಟ್ಟಿಲ್ಲದ ಕಾರಣ ಘಟ್ಟದ ಮೇಲೆ ಬಿದ್ದ ಮಳೆ ತಡೆಯಿಲ್ಲದೆ ಕೆಳಗಿಳಿದು ಬಂದು ಏರುವ ಕಡಲನೀರಿಗೆ ಎದುರಾಗುತ್ತದೆ. ಹಾಗಾಗಿ ತದಡಿಯಲ್ಲಿ ನೀರು ತುಂಬಿ ಎಷ್ಟು ನಿಮಿಷದ ಮೇಲೆ ನಿಮ್ಮ ಬಿದಿರಿನ ಬಳಿ ತುಂಬುತ್ತದೆ, ಆ ಅಂತರ ಬೇಸಿಗೆಯಲ್ಲಿ ಎಷ್ಟು, ಮಳೆಗಾಲದಲ್ಲಿ ಎಷ್ಟು ಎಂಬುದು ನಿನ್ನ ಪಠ್ಯಪುಸ್ತಕದಲ್ಲಿ ಇಲ್ಲ, ನನ್ನ ಪುಸ್ತಕಗಳಲ್ಲಿಯೂ ಇಲ್ಲ. ಅಳೆದು ದಿನಾಂಕದ ಸಮೇತ ಬರೆದು ಕಳಿಸು. ಮಾರ್ಚ್ ಪರೀಕ್ಷೆ ಮುಗಿದ ಮೇಲೆ ಶುರು ಮಾಡಿದರೆ ಬೇಸಿಗೆಯ ಲೆಕ್ಕ ಮಳೆಗೆ ಮೊದಲೇ ಕೈಗೆ ಸಿಗುತ್ತದೆ.